ಬೀಜೋತ್ಪಾದನೆಯ ಕರಾರು ಮತ್ತು ‘ಮಕ್ಕಳ ದುಡಿಮೆ ಇಲ್ಲ’ ಎಂಬ ಷರತ್ತು

ಸಂಕರಣ ಹತ್ತಿಯ ಬೀಜ ಬೆಳೆಯುವ ರೈತ ಬಾಂಧವರು ಕಂಪನಿಯ ಕರಾರು ಪತ್ರಕ್ಕೆ ಸಹಿ ಹಾಕುವಾಗ ಅದರ ಕೊನೆಯ ಪುಟಗಳಲ್ಲಿ ಕೆಲವು ಷರತ್ತುಗಳಿರುವುದನ್ನು ಗಮನಿಸಿರಬಹುದು. ಹೊಲದಲ್ಲಿ ಮಕ್ಕಳನ್ನು ದುಡಿಸಬಾರದು, ಕನಿಷ್ಠ ಕೂಲಿಗಿಂತ ಕಡಿಮೆ ಕೊಡಬಾರದು, ಮುಂಗಡ ಕೊಟ್ಟು ಯಾರನ್ನೂ ಕಟ್ಟಿಹಾಕಬಾರದು, ಔಷಧಿ ಸಿಂಪರಣೆಯಾದ ಹೊಲಕ್ಕೆ ಕೂಡಲೇ ಆಳುಗಳನ್ನು ಇಳಿಸಬಾರದು, ಮೂಲ ಬೀಜವನ್ನು ಇತರರಿಗೆ ಮಾರಬಾರದು, ಪರಿಶೀಲನೆಗೆ ಬರುವ ನೌಕರನಿಗೆ ಹಣ ಅಥವಾ ಉಡುಗೊರೆ ಕೊಡಬಾರದು ಎಂಬುವು ಸಾಮಾನ್ಯವಾಗಿ ಕಂಡುಬರುವ ಷರತ್ತುಗಳು. ಇವಕ್ಕೆ ಸರಬರಾಜುದಾರರ ನೀತಿಸಂಹಿತೆ ಎಂದು ಹೆಸರು. ಕಂಪನಿಗೆ ಬೀಜ ಬೆಳೆದುಕೊಡುವ ನೀವೇ ಇಲ್ಲಿ ಸರಬರಾಜುದಾರರು.

ಈ ಪುಟಗಳನ್ನು ಓದದೆ ಸಹಿ ಮಾಡುವವರೇ ಹೆಚ್ಚು. ಎಷ್ಟೋ ಕಡೆ ಬೆಳೆಗಾರನಿಗೆ ಆ ಪುಟಗಳು ಕಾಣುವುದೂ ಇಲ್ಲ. ಕಂಪನಿ ಕರಾರು ಮಾಡಿಕೊಳ್ಳುವುದು ಆರ್ಗನೈಸರನ ಜೊತೆ. ಆರ್ಗನೈಸರನು ರೈತನ ಜೊತೆ ಮಾಡಿಕೊಳ್ಳುವುದು ಬಾಯಿಮಾತಿನ ಒಪ್ಪಂದ. ಆದರೆ ಷರತ್ತು ಮುರಿದಾಗ ನಷ್ಟ ಬಂದು ನಿಲ್ಲುವುದು ಹೊಲದ ಯಜಮಾನನ ಬಾಗಿಲಿಗೆ. ಆದ್ದರಿಂದ ಈ ಷರತ್ತುಗಳು ಹೇಗೆ ಹುಟ್ಟಿದವು, ಅವುಗಳನ್ನು ಪಾಲಿಸಲು ಏನು ಖರ್ಚು ತಗಲುತ್ತದೆ, ಆ ಖರ್ಚನ್ನು ಯಾರು ಹೊರಬೇಕು ಎಂಬುದನ್ನು ಬಿತ್ತನೆಗೆ ಮೊದಲೇ ಯೋಚಿಸುವುದು ಒಳ್ಳೆಯದು.

ಷರತ್ತು ಬಂದ ಬಗೆ

ಹತ್ತಿಯಲ್ಲಿ ಸಂಕರಣ ಬೀಜದ ಉದ್ಯಮ ನಮಗೆ ಹೊಸದಲ್ಲ. 1970ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಡಾ. ಸಿ. ಟಿ. ಪಟೇಲರು ಎಚ್-4 ತಳಿಯನ್ನು ಹೊರತಂದರು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿಯನ್ನು ಕೊಟ್ಟರು. 1981ರಲ್ಲಿ ಡಿ.ಸಿ.ಎಚ್.-32, ಅಂದರೆ ಜಯಲಕ್ಷ್ಮಿ, ಬಂತು. ಈ ತಳಿಗಳ ಬೀಜವನ್ನು ಪ್ರತಿ ವರ್ಷವೂ ಹೊಸದಾಗಿ, ಅದೂ ಒಂದೊಂದು ಹೂವನ್ನೂ ಕೈಯಿಂದ ಮುಟ್ಟಿ, ತಯಾರಿಸಬೇಕು. ರಾಣೆಬೆನ್ನೂರು, ಹಾವೇರಿ ಭಾಗದಲ್ಲಿ ಬೀಜೋತ್ಪಾದನೆ ಒಂದು ಕಸುಬಾಗಿ ಬೆಳೆದುದು ಹೀಗೆ. ಆಂಧ್ರ ಪ್ರದೇಶದ ಕರ್ನೂಲು ಮತ್ತು ಆಗ ಅದೇ ರಾಜ್ಯದಲ್ಲಿದ್ದ ಮಹಬೂಬ್‌ನಗರ ಜಿಲ್ಲೆಗಳಲ್ಲಿ ಅದು ಇನ್ನೂ ದೊಡ್ಡದಾಗಿ ಹಬ್ಬಿತು.

2003ರಲ್ಲಿ ಸಂಶೋಧಕ ಡಾ. ದಾವುಲೂರಿ ವೆಂಕಟೇಶ್ವರಲು ಅವರು ಆಂಧ್ರದ ಹತ್ತಿ ಬೀಜದ ಹೊಲಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಒಂದು ವರದಿ ಬರೆದರು. ನೆದರ್‌ಲ್ಯಾಂಡ್ಸ್ ದೇಶದ ಒಂದು ಸಂಸ್ಥೆ ಅದನ್ನು ಪ್ರಕಟಿಸಿತು. ದುಡಿಯುವ ಮಕ್ಕಳ ಸಂಖ್ಯೆ ಲಕ್ಷಗಳಲ್ಲಿದೆ, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅವರ ತಂದೆತಾಯಿಗಳಿಗೆ ಹಂಗಾಮಿನ ಮೊದಲೇ ಮುಂಗಡ ಕೊಟ್ಟು ಗೊತ್ತುಮಾಡಿಕೊಳ್ಳಲಾಗುತ್ತದೆ ಎಂದು ಆ ವರದಿ ತೋರಿಸಿತು. ಆ ಬೀಜವನ್ನು ಕೊಳ್ಳುತ್ತಿದ್ದವರಲ್ಲಿ ಹೊರದೇಶದ ದೊಡ್ಡ ಕಂಪನಿಗಳೂ ಇದ್ದವು. ಆ ದೇಶಗಳಲ್ಲಿ ಕಂಪನಿಯ ಷೇರುದಾರರು, ಗಿರಾಕಿಗಳು, ಪತ್ರಿಕೆಗಳು ಪ್ರಶ್ನೆ ಕೇಳತೊಡಗಿದವು. ‘ಮಕ್ಕಳನ್ನು ನಾವು ನೇಮಿಸಿಲ್ಲ, ರೈತರು ನೇಮಿಸಿದ್ದಾರೆ’ ಎಂಬ ಉತ್ತರ ಬಹಳ ದಿನ ನಡೆಯಲಿಲ್ಲ. ಮೂಲ ಬೀಜ ಕಂಪನಿಯದು, ದರ ಗೊತ್ತುಮಾಡುವುದು ಕಂಪನಿ, ಹೊಲಕ್ಕೆ ಮೇಲ್ವಿಚಾರಕನನ್ನು ಕಳಿಸುವುದೂ ಕಂಪನಿ. ಹೊಲದಲ್ಲಿ ದುಡಿಯುವವರು ಯಾರು ಎಂಬುದೊಂದು ಮಾತ್ರ ತನಗೆ ತಿಳಿಯದು ಎಂದರೆ ಯಾರು ನಂಬುತ್ತಾರೆ?

ಆನಂತರ ಬೀಜ ಕಂಪನಿಗಳ ಸಂಘ ಮತ್ತು ಹೈದರಾಬಾದಿನ ಎಂ.ವಿ. ಪ್ರತಿಷ್ಠಾನದಂಥ ಸಂಸ್ಥೆಗಳು ಸೇರಿ ಮಾತುಕತೆ ನಡೆಸಿದವು. ಬೇಯರ್ ಕಂಪನಿ ‘ಚೈಲ್ಡ್ ಕೇರ್’ ಎಂಬ ಕಾರ್ಯಕ್ರಮವನ್ನೇ ಆರಂಭಿಸಿತು. ಮಕ್ಕಳಿಲ್ಲದ ಹೊಲಕ್ಕೆ ಖರೀದಿ ದರದ ಮೇಲೆ ಪ್ರೋತ್ಸಾಹಧನ, ಮಕ್ಕಳು ಕಂಡುಬಂದ ಹೊಲಕ್ಕೆ ಮೊದಲು ಎಚ್ಚರಿಕೆ, ಮತ್ತೆ ಕಂಡರೆ ದರದಲ್ಲಿ ಕಡಿತ, ಕೊನೆಗೆ ಕರಾರು ರದ್ದು ಎಂಬ ಪದ್ಧತಿ ಆ ಕಾಲದಲ್ಲಿ ರೂಪುಗೊಂಡಿತು. ಇಂದಿನ ಕರಾರುಗಳಲ್ಲಿ ನೀವು ನೋಡುವುದು ಬಹುಮಟ್ಟಿಗೆ ಅದರದೇ ಮುಂದುವರಿದ ರೂಪ. 2009ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಮಕ್ಕಳ ದುಡಿಮೆಯಿಂದ ತಯಾರಾಗುವ ವಸ್ತುಗಳ ಪಟ್ಟಿಯನ್ನು ಮೊದಲ ಬಾರಿ ಪ್ರಕಟಿಸಿದಾಗ ಅದರಲ್ಲಿ ಭಾರತದ ಸಂಕರಣ ಹತ್ತಿ ಬೀಜವೂ ಸೇರಿತ್ತು. ಜರ್ಮನಿಯಲ್ಲಿ 2021ರಲ್ಲಿ ಅಂಗೀಕಾರವಾದ ಒಂದು ಕಾನೂನು, ದೊಡ್ಡ ಕಂಪನಿಗಳು ತಮಗೆ ಸರಕು ಒದಗಿಸುವವರಲ್ಲಿ ಇಂಥ ಲೋಪಗಳಿವೆಯೇ ಎಂದು ನೋಡಿಕೊಳ್ಳುವುದನ್ನು 2023ರ ಜನವರಿಯಿಂದ ಕಡ್ಡಾಯ ಮಾಡಿತು.

ಹಾಗೆಂದು ಇದನ್ನು ಹೊರದೇಶದವರ ಒತ್ತಾಯ ಎಂದು ತಳ್ಳಿಹಾಕುವಂತಿಲ್ಲ. ನಮ್ಮ ದೇಶದ ಕಾನೂನೇ ಇದನ್ನು ಹೇಳುತ್ತದೆ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ವರ್ಷದೊಳಗಿನವರನ್ನು ಯಾವುದೇ ಕೆಲಸಕ್ಕೆ ನೇಮಿಸುವುದು ಅಪರಾಧವಾಗಿದೆ. ಶಿಕ್ಷೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಇಲ್ಲವೆ ಎರಡೂ. ಮುಂಗಡದ ಸಾಲಕ್ಕೆ ದುಡಿಮೆಯನ್ನು ಒತ್ತೆ ಇಡಿಸಿಕೊಳ್ಳುವುದು 1976ರ ಜೀತಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಅಪರಾಧ.

ಹೂವಿನ ವೇಳೆ ಮತ್ತು ಶಾಲೆಯ ವೇಳೆ

‘ನಮ್ಮ ಮಕ್ಕಳು ನಮ್ಮ ಹೊಲದಲ್ಲಿ ಶಾಲೆ ಬಿಟ್ಟ ಮೇಲೆ ಸ್ವಲ್ಪ ಕೈಜೋಡಿಸಿದರೆ ತಪ್ಪೇನು?’ ತರಬೇತಿ ಶಿಬಿರಗಳಲ್ಲಿ ತಪ್ಪದೆ ಬರುವ ಪ್ರಶ್ನೆ ಇದು. ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ, ಮಗು ತನ್ನ ಕುಟುಂಬಕ್ಕೆ ನೆರವಾಗಲು ಕಾನೂನು ಅವಕಾಶ ಕೊಟ್ಟಿದೆ ಎಂಬುದು ನಿಜ. ಆದರೆ ಹತ್ತಿಯ ಕ್ರಾಸಿಂಗ್ ಕೆಲಸಕ್ಕೆ ಇದು ಹೊಂದುವುದಿಲ್ಲ. ಏಕೆಂದು ಹೂವಿನ ಸ್ವಭಾವ ತಿಳಿದ ನಿಮಗೆ ಸುಲಭವಾಗಿ ಅರ್ಥವಾದೀತು.

ಮರುದಿನ ಅರಳಲಿರುವ ಮೊಗ್ಗುಗಳನ್ನು ಗುರುತಿಸಿ ಅವುಗಳ ಕೇಸರ ತೆಗೆಯುವ ಕೆಲಸ ಮಧ್ಯಾಹ್ನ ಮೂರು ಗಂಟೆಯಿಂದ ಸಂಜೆ ಆರರವರೆಗೆ ನಡೆಯುತ್ತದೆ. ಹೆಬ್ಬೆರಳ ಉಗುರಿನಿಂದ ಮೊಗ್ಗಿನ ಬುಡದಲ್ಲಿ ಗೀರಿ, ದಳಗಳನ್ನೂ ಕೇಸರದ ಕೊಳವೆಯನ್ನೂ ಒಟ್ಟಿಗೆ ಬಿಡಿಸಿ, ಒಳಗಿನ ಅಂಡಾಶಯಕ್ಕೆ ಪೆಟ್ಟಾಗದಂತೆ ನೋಡಿಕೊಂಡು, ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂ ಬಿಡಿಸಿ ಪರಾಗ ಮುಟ್ಟಿಸುವುದು ಸುಮಾರು ಎಂಟೂವರೆಯಿಂದ ಹನ್ನೊಂದೂವರೆಯೊಳಗೆ ಆಗಬೇಕು. ಬಿಸಿಲು ಏರಿದಂತೆ ಕಾಯಿಕಟ್ಟುವ ಪ್ರಮಾಣ ಇಳಿಯುತ್ತದೆ. ಶಾಲೆಯ ಗಂಟೆ ಬಾರಿಸುವುದು ಈ ಹೊತ್ತಿನಲ್ಲೇ. ಸಂಜೆಯ ಕೆಲಸವೂ ಶಾಲೆ ಬಿಡುವ ಮೊದಲೇ ಆರಂಭವಾಗುತ್ತದೆ. ಜೂನಿನಲ್ಲಿ ಬಿತ್ತಿದ ಬೆಳೆಗೆ ಕ್ರಾಸಿಂಗ್ ಬರುವುದು ಆಗಸ್ಟಿನಿಂದ ಅಕ್ಟೋಬರ್ ಕೊನೆಯವರೆಗೆ, ಅಂದರೆ ಶಾಲಾ ವರ್ಷದ ನಟ್ಟನಡುವೆ. ಎರಡು ಎರಡೂವರೆ ತಿಂಗಳು ದಿನವೂ ತಪ್ಪದೆ ನಡೆಯುವ ಕೆಲಸ ಇದು. ಇಷ್ಟು ದಿನ ಶಾಲೆ ತಪ್ಪಿದ ಹುಡುಗಿ ಮತ್ತೆ ತರಗತಿಯಲ್ಲಿ ಹೋಗಿ ಕುಳಿತುಕೊಳ್ಳುವುದು ಅಪರೂಪ. ಅಲ್ಲದೆ ಕೀಟನಾಶಕವನ್ನು ಪದೇ ಪದೇ ಸಿಂಪಡಿಸುವ ಬೆಳೆಗಳಲ್ಲಿ ಹತ್ತಿಯೂ ಒಂದು. ಇಡೀ ದಿನ ಎಲೆ ಹೂಗಳ ನಡುವೆ ಕೈಯಾಡಿಸುವ ಕೆಲಸವನ್ನು ಅಪಾಯವಿಲ್ಲದ್ದು ಎನ್ನಲು ಬಾರದು.

ಮಕ್ಕಳ ಬೆರಳು ಸಣ್ಣದು, ಅವರು ಮುಟ್ಟಿದ ಹೂ ಉದುರುವುದಿಲ್ಲ ಎಂದು ಕೆಲವರು ನಂಬುತ್ತಾರೆ. ಮೈನೆರೆಯದ ಹುಡುಗಿಯರು ಮಾಡಿದ ಕ್ರಾಸಿಂಗೇ ಚೆನ್ನಾಗಿ ನಿಲ್ಲುತ್ತದೆ ಎಂಬ ನಂಬಿಕೆಯೂ ಕೆಲವು ಕಡೆ ಇದೆ. ಇವಕ್ಕೆ ಯಾವ ಆಧಾರವೂ ಇಲ್ಲ. ಮುಟ್ಟಿದವರು ಯಾರೆಂಬುದು ಹೂವಿಗೆ ತಿಳಿಯದು. ಸರಿಯಾದ ಹಂತದ ಮೊಗ್ಗು, ಸರಿಯಾದ ವೇಳೆ, ಸಾಕಷ್ಟು ಪರಾಗ, ಅಂಡಾಶಯಕ್ಕೆ ಪೆಟ್ಟಾಗದ ಕೈಚಳಕ, ಇವಿಷ್ಟೇ ಕಾಯಿಕಟ್ಟುವುದನ್ನು ನಿರ್ಧರಿಸುತ್ತವೆ. ವಯಸ್ಕ ಹೆಣ್ಣಾಳುಗಳಿಗೆ ಒಂದು ವಾರ ಹತ್ತಿರ ನಿಂತು ತೋರಿಸಿಕೊಟ್ಟರೆ ಈ ಚಳಕ ಬರುತ್ತದೆ. ಮಕ್ಕಳನ್ನು ಕರೆಯುವುದಕ್ಕೆ ನಿಜವಾದ ಕಾರಣ ಬೇರೆ. ಅವರ ಕೂಲಿ ಕಡಿಮೆ. ಎಷ್ಟು ಹೊತ್ತು ನಿಲ್ಲಿಸಿದರೂ ಎದುರು ಮಾತನಾಡುವುದಿಲ್ಲ.

ಖರ್ಚಿನ ಲೆಕ್ಕ

ಷರತ್ತನ್ನು ಬರೆದವರು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿ ಇದು. ಹತ್ತಿ ಬೀಜೋತ್ಪಾದನೆಯ ಒಟ್ಟು ಖರ್ಚಿನಲ್ಲಿ ಸುಮಾರು ಅರ್ಧದಷ್ಟು ಕೂಲಿಗೇ ಹೋಗುತ್ತದೆ, ಅದರಲ್ಲಿ ಬಹುಪಾಲು ಕ್ರಾಸಿಂಗಿಗೆ. ಹಾಗಾಗಿ ಮಕ್ಕಳ ಬದಲು ವಯಸ್ಕರನ್ನು ಇಟ್ಟುಕೊಂಡರೆ ರೈತನ ಲೆಕ್ಕವೇ ಬದಲಾಗುತ್ತದೆ. 2005ರಲ್ಲಿ ಡಾ. ವೆಂಕಟೇಶ್ವರಲು ಮತ್ತು ಲೂಸಿಯಾ ಡಾ ಕೋರ್ಟಾ ಅವರು ಇದನ್ನೇ ವಿಷಯವಾಗಿಟ್ಟುಕೊಂಡು ಇನ್ನೊಂದು ವರದಿ ಬರೆದರು. ಕಂಪನಿಗಳು ಕೊಡುತ್ತಿದ್ದ ಖರೀದಿ ದರಕ್ಕೂ ಹೊಲಗಳಲ್ಲಿ ಮಕ್ಕಳಿರುವುದಕ್ಕೂ ನೇರ ಸಂಬಂಧವಿದೆ, ಆ ದರದಲ್ಲಿ ವಯಸ್ಕರಿಗೆ ನ್ಯಾಯವಾದ ಕೂಲಿ ಕೊಟ್ಟು ಲಾಭ ಉಳಿಸಿಕೊಳ್ಳುವುದು ಬೆಳೆಗಾರನಿಗೆ ಕಷ್ಟ ಎಂಬುದು ಅವರ ವಾದ. ನನ್ನ ಅಭಿಪ್ರಾಯದಲ್ಲಿ ಈ ವಿಷಯದ ಬಗ್ಗೆ ಬಂದ ಬರಹಗಳಲ್ಲಿ ರೈತರಿಗೆ ಹೆಚ್ಚು ಉಪಯುಕ್ತವಾದುದು ಇದು.

ಒಂದು ಉದಾಹರಣೆ ನೋಡೋಣ. ಇಲ್ಲಿಯ ಅಂಕಿಗಳು ಲೆಕ್ಕದ ದಾರಿ ತೋರಿಸುವುದಕ್ಕಾಗಿ ಮಾತ್ರ. ನಿಮ್ಮ ಊರಿನ ಅಂಕಿಗಳನ್ನು ಹಾಕಿಕೊಂಡು ನೀವೇ ಮಾಡಿ ನೋಡಬೇಕು. ಒಂದು ಎಕರೆಗೆ ಕ್ರಾಸಿಂಗಿನ ಅವಧಿಯಲ್ಲಿ ದಿನಕ್ಕೆ ಸರಾಸರಿ 8 ಆಳು, ಒಟ್ಟು 70 ದಿನ ಎಂದು ಹಿಡಿದರೆ 560 ಆಳು ದಿನಗಳಾದವು. ಮಕ್ಕಳಿಗೆ ಕೊಡುವ ಕೂಲಿಗೂ ವಯಸ್ಕರಿಗೆ ಕೊಡಬೇಕಾದ ಕೂಲಿಗೂ ದಿನಕ್ಕೆ 100 ರೂಪಾಯಿ ವ್ಯತ್ಯಾಸವಿದ್ದರೆ ಎಕರೆಗೆ 56,000 ರೂಪಾಯಿ ಹೆಚ್ಚು ಖರ್ಚು ಬಂತು. ಎಕರೆಗೆ 3 ಕ್ವಿಂಟಲ್ ಬೀಜ ಬಂದರೆ ಕಿಲೋಗೆ ಸುಮಾರು 187 ರೂಪಾಯಿ. 475 ಗ್ರಾಂ ಪೊಟ್ಟಣದ ಲೆಕ್ಕದಲ್ಲಿ ಸುಮಾರು 89 ರೂಪಾಯಿ.

ಈಗ ಅಂಗಡಿಯ ಕಡೆ ನೋಡಿ. 2015ರ ಹತ್ತಿ ಬೀಜ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಬಿ.ಟಿ. ಹತ್ತಿ ಬೀಜದ ಗರಿಷ್ಠ ಮಾರಾಟ ಬೆಲೆಯನ್ನು ಕೇಂದ್ರ ಸರ್ಕಾರ ಗೊತ್ತುಪಡಿಸುತ್ತದೆ. ಎರಡು ಜೀನುಗಳ ಬಿ.ಟಿ. ಬೀಜದ ಪೊಟ್ಟಣಕ್ಕೆ 2016ರಲ್ಲಿ 800 ರೂಪಾಯಿ ಇತ್ತು; 2025ರ ಹಂಗಾಮಿಗೆ 901 ರೂಪಾಯಿ. ಬೀಜ ಕೊಳ್ಳುವ ರೈತನಿಗೆ ಇದು ಒಳ್ಳೆಯ ರಕ್ಷಣೆ. ಆದರೆ ಬೀಜ ಬೆಳೆದುಕೊಡುವ ರೈತನಿಗೆ ಎಷ್ಟು ಸಲ್ಲಬೇಕೆಂದು ಈ ಆದೇಶ ಹೇಳುವುದಿಲ್ಲ. ಮೇಲಿನ ಬೆಲೆ ಕಟ್ಟಿದೆ, ಕೆಳಗಿನ ಕೂಲಿ ಏರುತ್ತಿದೆ. ನಡುವೆ ಸಿಕ್ಕಿಕೊಂಡಿರುವವನು ಬೆಳೆಗಾರ. ಕಂಪನಿ ತನ್ನ ಸಂಹಿತೆಯನ್ನು ನಿಮ್ಮ ಮುಂದಿಡುವಾಗ ಅದರ ಖರ್ಚನ್ನೂ ತನ್ನ ದರದಲ್ಲಿ ಸೇರಿಸಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ. ಪ್ರೋತ್ಸಾಹಧನ ಕೊಟ್ಟ ಉದಾಹರಣೆಗಳು ಹಿಂದೆ ಇವೆ. ದಂಡದ ಕಲಮು ಮಾತ್ರ ಇದ್ದು ಪ್ರೋತ್ಸಾಹದ ಕಲಮು ಇಲ್ಲದ ಕರಾರನ್ನು ಒಬ್ಬೊಬ್ಬರೇ ಪ್ರಶ್ನಿಸಿದರೆ ಉತ್ತರ ಸಿಗುವುದು ಕಷ್ಟ. ಒಂದೇ ಆರ್ಗನೈಸರನ ಕೆಳಗಿನ ಬೆಳೆಗಾರರೆಲ್ಲ ಸೇರಿ, ಮೂಲ ಬೀಜ ಹಂಚುವ ಮೊದಲು, ಕೂಲಿ ಲೆಕ್ಕವನ್ನು ಕಾಗದದ ಮೇಲೆ ಬರೆದು ಕಂಪನಿಯ ಪ್ರತಿನಿಧಿಯ ಎದುರಿಗಿಡಬೇಕು. ಬಿತ್ತನೆಯಾದ ಮೇಲೆ ಈ ಮಾತಿಗೆ ಬೆಲೆಯಿಲ್ಲ.

ದರ ಸಾಲದು ಎಂಬುದು ನಿಜವಾದರೂ ಅದು ಮಗುವನ್ನು ಹೊಲಕ್ಕಿಳಿಸಲು ಕಾರಣವಾಗಲಾರದು. ಗೊಬ್ಬರದ ಬೆಲೆ ಏರಿತೆಂದು ನಾವು ಅಂಗಡಿಯಿಂದ ಕದ್ದು ತರುವುದಿಲ್ಲ. ವಯಸ್ಕರ ಕೂಲಿ ಹಾಕಿ ಲೆಕ್ಕ ಕೂಡದಿದ್ದರೆ ಆ ಕಂಪನಿಯ ಬೀಜವನ್ನು ಆ ವರ್ಷ ಬೆಳೆಯದಿರುವುದೇ ಸರಿ.

ಕೂಲಿ ದಿನಗಳನ್ನು ಕಡಿಮೆ ಮಾಡುವ ದಾರಿ

ಬೇಸಾಯದ ಕ್ರಮದಲ್ಲೂ ಸ್ವಲ್ಪ ಉಳಿತಾಯ ಸಾಧ್ಯ. ಮೊದಲನೆಯದಾಗಿ, ಕುಟುಂಬದ ವಯಸ್ಕರ ಆಳುಬಲ ಮತ್ತು ಖಚಿತವಾಗಿ ಸಿಗುವ ಕೂಲಿಯವರ ಸಂಖ್ಯೆ ನೋಡಿಕೊಂಡೇ ವಿಸ್ತೀರ್ಣ ಗೊತ್ತುಮಾಡಬೇಕು. ಒಂದೂವರೆ ಎಕರೆ ಹಾಕಿ ಆಳು ಸಾಲದೆ ಪರದಾಡುವುದಕ್ಕಿಂತ ಮುಕ್ಕಾಲು ಎಕರೆಯನ್ನು ಸರಿಯಾಗಿ ಕ್ರಾಸ್ ಮಾಡಿದರೆ ಶುದ್ಧತೆಯೂ ಉಳಿಯುತ್ತದೆ. ಕ್ರಾಸ್ ಮಾಡದೆ ಬಿಟ್ಟ ಹೂಗಳು ತಮ್ಮಷ್ಟಕ್ಕೆ ಕಾಯಿಕಟ್ಟುತ್ತವೆ. ಅವನ್ನು ಹುಡುಕಿ ಕಿತ್ತುಹಾಕದಿದ್ದರೆ ಸ್ವಪರಾಗದ ಬೀಜ ಬೆರೆತು ಪರೀಕ್ಷೆಯಲ್ಲಿ ಲಾಟು ಬಿದ್ದುಹೋಗುತ್ತದೆ. ಪ್ರಮಾಣಿತ ಸಂಕರಣ ಹತ್ತಿ ಬೀಜಕ್ಕೆ ಶೇಕಡ 90ರ ತಳಿ ಶುದ್ಧತೆ ಬೇಕೆಂಬುದು ನಿಮಗೆ ತಿಳಿದೇ ಇದೆ.

ಎರಡನೆಯದಾಗಿ, ಕ್ರಾಸಿಂಗನ್ನು ಕೊನೆಯ ಹೂವಿನವರೆಗೂ ಎಳೆಯಬಾರದು. ತಡವಾಗಿ ಕಟ್ಟಿದ ಕಾಯಿಗಳಲ್ಲಿ ಬೀಜ ಪೂರ್ತಿ ತುಂಬುವುದಿಲ್ಲ. ಒಂಬತ್ತು ಹತ್ತು ವಾರಕ್ಕೆ ನಿಲ್ಲಿಸಿ ಉಳಿದ ಮೊಗ್ಗುಗಳನ್ನು ಚಿವುಟಿದರೆ ಕಟ್ಟಿದ ಕಾಯಿಗಳಿಗೆ ಪೋಷಣೆ ಸಿಗುತ್ತದೆ, ಕೂಲಿಯೂ ಉಳಿಯುತ್ತದೆ. ಗಂಡು ಬಂಜೆತನವಿರುವ ಹೆಣ್ಣು ತಳಿಯನ್ನು ಕಂಪನಿ ಕೊಡುವುದಾದರೆ ಸಂಜೆಯ ಕೇಸರ ತೆಗೆಯುವ ಕೆಲಸವೇ ಇರುವುದಿಲ್ಲ, ಬೆಳಗಿನ ಪರಾಗಸ್ಪರ್ಶ ಮಾತ್ರ ಉಳಿಯುತ್ತದೆ. ಅಂಥ ತಳಿಗೆ ಖರೀದಿ ದರ ಕಡಿಮೆ ಇರುವುದುಂಟು. ಎರಡನ್ನೂ ತೂಗಿ ನೋಡಬೇಕು.

ಸಿಂಪರಣೆಯ ಷರತ್ತು ನಿಜಕ್ಕೂ ತೊಡಕಿನದು. ದಿನವೂ ಕ್ರಾಸಿಂಗ್ ನಡೆಯುವ ಹೊಲಕ್ಕೆ ಒಂದು ದಿನ ಆಳು ಇಳಿಸದಿದ್ದರೆ ಆ ದಿನದ ಹೂವೆಲ್ಲ ಹೋದಂತೆಯೇ. ಆದ್ದರಿಂದ ಹೊಲವನ್ನು ನಾಲ್ಕು ಭಾಗ ಮಾಡಿಕೊಂಡು, ಸಿಂಪಡಿಸಿದ ಭಾಗಕ್ಕೆ ಮಾತ್ರ ಒಂದು ದಿನ ಬಿಡುವು ಕೊಟ್ಟು, ಆಳುಗಳನ್ನು ಗಾಳಿಯ ಮೇಲ್ದಿಕ್ಕಿನ ಭಾಗಕ್ಕೆ ಕಳಿಸಬೇಕು. ಔಷಧಿಯ ಚೀಟಿಯಲ್ಲಿ ಇನ್ನೂ ಹೆಚ್ಚಿನ ಅವಧಿ ಹೇಳಿದ್ದರೆ ಅದೇ ಕಡ್ಡಾಯ. ಬಿಡುವು ಕೊಟ್ಟ ಭಾಗದಲ್ಲಿ ಅರಳಿಹೋದ ಹೂಗಳನ್ನು ಮರುದಿನ ಮೊದಲು ತೆಗೆಸಿಹಾಕಿ ಆಮೇಲೆ ಕೆಲಸ ಆರಂಭಿಸಬೇಕು. ಈ ನಷ್ಟವನ್ನೂ ದರದ ಲೆಕ್ಕದಲ್ಲಿ ಸೇರಿಸಲು ಮರೆಯಬೇಡಿ.

ಪರಿಶೀಲನೆ ಬಂದಾಗ

ಕಂಪನಿಯವರು ಅಥವಾ ಅವರು ನೇಮಿಸಿದವರು ಮುನ್ಸೂಚನೆ ಇಲ್ಲದೆ ಹೊಲಕ್ಕೆ ಬರಬಹುದು, ಕೆಲಸಗಾರರನ್ನು ನೇರವಾಗಿ ಮಾತನಾಡಿಸಬಹುದು. ಕರಾರಿನಲ್ಲಿ ಹಾಗೆ ಬರೆದಿದ್ದರೆ ತಡೆಯಬಾರದು. ಆದರೆ ಅವರು ಬರೆದುಕೊಂಡ ವರದಿಯ ಒಂದು ಪ್ರತಿಯನ್ನು ಅಲ್ಲೇ ಕೇಳಿ ಪಡೆಯಿರಿ. ಏನೂ ತಪ್ಪಿಲ್ಲವೆಂದು ಬಾಯಲ್ಲಿ ಹೇಳಿಹೋಗಿ, ಹಣ ಕೊಡುವ ವೇಳೆಗೆ ದರ ಕಡಿದರು ಎಂಬ ದೂರು ರೈತರಿಂದ ಕೇಳಿಬರುತ್ತದೆ. ತಾಯಿಯ ಜೊತೆ ಬಂದ ಎಳೆಯ ಮಗು ದುಡಿಯುವ ಮಗುವಲ್ಲ. ಆದರೂ ಸಾಲುಗಳ ನಡುವೆ ಓಡಾಡುತ್ತಿದ್ದರೆ ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆ, ಔಷಧಿಯ ಅಪಾಯವೂ ಇದೆ. ಹೊಲದ ಹೊರಗೆ ನೆರಳಿನಲ್ಲಿ ಅವರಿಗೊಂದು ಜಾಗ ಮಾಡಿಕೊಡಿ. ಊರಿನಲ್ಲಿ ಅಂಗನವಾಡಿ ಇದ್ದರೆ ಇನ್ನೂ ಒಳ್ಳೆಯದು.

ಡಾ. ವೆಂಕಟೇಶ್ವರಲು ಅವರ 2015ರ ವರದಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳನ್ನು ನೋಡಿತ್ತು. ಒಟ್ಟು ಕೆಲಸಗಾರರಲ್ಲಿ ಮಕ್ಕಳ ಪಾಲು ಇಳಿದಿದ್ದರೂ, ಬೀಜೋತ್ಪಾದನೆಯ ವಿಸ್ತೀರ್ಣ ಹೆಚ್ಚಿದ್ದರಿಂದ ದುಡಿಯುವ ಮಕ್ಕಳ ಸಂಖ್ಯೆ ಏರಿದೆ ಎಂದು ಅದರಲ್ಲಿ ಕಂಡುಬಂತು. ಸಣ್ಣ ಹಿಡುವಳಿಗಳಲ್ಲಿ ಕುಟುಂಬದ ದುಡಿಮೆಯ ಹೆಸರಿನಲ್ಲಿ ಮಕ್ಕಳು ಉಳಿದುಕೊಳ್ಳುತ್ತಾರೆ. ಹೀಗಾಗಿ ಪರಿಶೀಲಕರು ಈಗ ಸಣ್ಣ ಹೊಲಗಳನ್ನೂ ಬಿಡುವುದಿಲ್ಲ ಎಂದು ತಿಳಿದಿರಬೇಕು.

ಒಂದು ಹಾಜರಿ ಪುಸ್ತಕ ಇಟ್ಟುಕೊಳ್ಳಿ. ಶಾಲೆಯ ನೋಟುಬುಕ್ಕು ಸಾಕು. ದಿನಾಂಕ, ಕೆಲಸಗಾರರ ಹೆಸರು, ವಯಸ್ಸು, ಕೆಲಸದ ಹೊತ್ತು, ಕೊಟ್ಟ ಕೂಲಿ, ಸಹಿ ಅಥವಾ ಹೆಬ್ಬೆಟ್ಟು ಇಷ್ಟು ಕಲಮುಗಳಿರಲಿ. ವಯಸ್ಸಿನ ಬಗ್ಗೆ ಅನುಮಾನ ಬರುವಂಥ ಯುವತಿಯರು ಬಂದರೆ ಶಾಲೆಯ ಪ್ರಮಾಣ ಪತ್ರ ನೋಡಿಯೇ ಸೇರಿಸಿಕೊಳ್ಳಿ. ಕಂಪನಿಯ ಸಂಹಿತೆಯಲ್ಲಿ 14ರ ಬದಲು 15 ಎಂದು, ಔಷಧಿಯ ಕೆಲಸಕ್ಕೆ 18 ಎಂದು ಇರುವುದುಂಟು, ಆ ವಯಸ್ಸನ್ನು ಓದಿಕೊಂಡಿರಿ. ಒಂದೇ ಕೆಲಸಕ್ಕೆ ಗಂಡಾಳಿಗೊಂದು ಹೆಣ್ಣಾಳಿಗೊಂದು ಕೂಲಿ ಬರೆದರೆ ಪುಸ್ತಕವೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಮುಂಗಡ ಕೊಡಲೇಬೇಕಾದರೆ ದುಡಿಯುವ ವಯಸ್ಕರ ಹೆಸರಿಗೇ ಕೊಟ್ಟು, ಯಾವಾಗ ಬೇಕಾದರೂ ತೀರಿಸಿ ಬಿಟ್ಟುಹೋಗಬಹುದು ಎಂದು ಬರೆದಿಡಿ. ಬೀಜದ ಪೂರ್ತಿ ಹಣ ಶುದ್ಧತೆಯ ಪರೀಕ್ಷೆ ಮುಗಿದು ಎಷ್ಟೋ ತಿಂಗಳ ಮೇಲೆ ಬರುವುದರಿಂದ, ಈ ಪುಸ್ತಕವನ್ನೂ ಪರಿಶೀಲನೆಯ ಪ್ರತಿಗಳನ್ನೂ ಕರಾರು ಪತ್ರದ ಜೊತೆಯಲ್ಲಿ ಕೊನೆಯ ಕಂತು ಕೈಸೇರುವವರೆಗೆ ಕಾಪಾಡಿ ಇಟ್ಟುಕೊಳ್ಳಬೇಕು.